ಬಸ್ ನಿಲ್ದಾಣದ ಮೂರನೆಯ ಬಾಗಿಲ ಬೀಗ ಮಹಾಶಯರ ಸನ್ನಿಧಿಗೆ

ಮಾನ್ಯ ಬೀಗ ಮಹಾಶಯರೇ,

ತುಕ್ಕು ಹಿಡಿದರೂ ಠೀವಿ ಬಿಡದ ತಮ್ಮ ಪಾದಾರವಿಂದಗಳಿಗೆ (ಪಾದ ಎಲ್ಲಿದೆಯೋ ಕಾಣೆ) ಅನಂತ ನಮಸ್ಕಾರಗಳು.

ನಮ್ಮ ನಿಲ್ದಾಣದಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಶೌಚಾಲಯವಿದ್ದು, ನಡುವೆ ಯಾವ ಚಿತ್ರವೂ ಇಲ್ಲದ, ಯಾರು ಬೇಕಾದರೂ ಹೋಗಬಹುದಾದ ಮೂರನೆಯದೊಂದಿದೆ. ಉದ್ಘಾಟನೆಯ ಮಾರನೆಯ ದಿನದಿಂದ ಅದನ್ನು ತಾವು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೀರಿ. ಕಿಟಕಿಯಲ್ಲಿ ಇಣುಕಿದೆ, ಒಳಗೆ ಕಾಲು ಮುರಿದ ಆರು ಕುರ್ಚಿಗಳಿವೆ. ಅವುಗಳಿಗೆ ಜಲಬಾಧೆ ಇಲ್ಲವೆಂದು ನನ್ನ ಅನಿಸಿಕೆ. ತಾವು ಹತ್ತಿರದಿಂದ ಬಲ್ಲವರು, ತಪ್ಪಿದ್ದರೆ ತಿದ್ದಿ.

ನನ್ನ ಒಂದೇ ಮಗುವಿಗೆ ಈಗ ಇಪ್ಪತ್ತಾರು. ಐದು ಗಂಟೆ ದೂರದ ಊರಲ್ಲಿ ಅಂಗಡಿಗಳ ತೂಕದ ಮೆಷಿನ್ ರಿಪೇರಿ ಮಾಡುತ್ತದೆ. "ನಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ" ಎಂದು ಅದು ಅಡುಗೆಮನೆಯಲ್ಲಿ ನಿಂತು ಹೇಳಿದ ದಿನ ನನ್ನಾಕೆ "ಸರಿ, ತಟ್ಟೆ ಹಾಕು, ಊಟ ಆರಿಹೋಗುತ್ತೆ" ಅಂದಳು, ನಾನು ಬಿ.ಎ. ಓದಿದವನಾದ್ದರಿಂದ ಅರ್ಥವಾಗಲು ಎರಡು ವರ್ಷ ಹಿಡಿಯಿತು.

ಹೋದ ತಿಂಗಳು ಮಗು ಬಸ್ಸಿಳಿದು ಹೆಂಗಸರ ಬಾಗಿಲಿಗೆ ಹೋಯಿತು. ಅಲ್ಲಿ ಕೂತಿದ್ದಾಕೆ "ಏ ತಮ್ಮಾ, ಕಣ್ ಕಾಣಲ್ವಾ? ಆ ಕಡೆ!" ಎಂದರು. ಆ ಕಡೆ ಹೋದರೆ ಅಲ್ಲಿಯವರು "ಇದು ಗಂಡಸರದು ತಂಗೀ, ಇಲ್ಲೆಲ್ಲಾ ಬರಬಾರ್ದಮ್ಮಾ" ಎಂದರು. ಒಂದೇ ನಿಮಿಷದಲ್ಲಿ ಅಕ್ಕ, ಅಣ್ಣ ಇಬ್ಬರೂ ಸಿಕ್ಕರು, ಪಾಯಿಖಾನೆ ಸಿಗಲಿಲ್ಲ. ನನ್ನಾಕೆ ಇದ್ದಾಗ ಮಗುವಿನ ಕೈಹಿಡಿದು ನೇರ ಹೆಂಗಸರ ಬಾಗಿಲೊಳಗೆ ಹೋಗುತ್ತಿದ್ದಳು, ಯಾರೂ ತುಟಿಪಿಟಕ್ ಎನ್ನುತ್ತಿರಲಿಲ್ಲ. ನಾನು ಹಾಗೆ ಹೋದರೆ ಪೊಲೀಸರು ಬರುತ್ತಾರೆ.

ಕಾಲೇಜಿನಲ್ಲಿ ನಮಗೆ "ನೆಸೆಸಿಟಿ ಈಸ್ ದಿ ಮದರ್ ಆಫ್", ಅಂದರೆ ಅಗತ್ಯವೇ ತಾಯಿ, ಎಂದು ಕಲಿಸಿದ್ದರು. ಯಾರ ತಾಯಿಯೋ ಮರೆತಿದೆ. ಯಾರ ತಾಯಿಯೇ ಆಗಲಿ, ಇಲ್ಲಿಗೆ ಬಂದಿದ್ದರೆ ಆಕೆಯನ್ನೂ ತಾವು ಹೊರಗೇ ನಿಲ್ಲಿಸುತ್ತಿದ್ದಿರಿ.

ನನ್ನಾಕೆ ತೀರಿಕೊಂಡಾಗಿನಿಂದ ಪ್ರತಿ ಸಲವೂ ಇದೇ ಕಥೆ, ಹೀಗಾಗಿ ಮಗು ವರ್ಷಗಳಿಂದ ಪ್ರಯಾಣದ ಹಿಂದಿನ ಸಂಜೆಯಿಂದಲೇ ಹನಿ ನೀರು ಮುಟ್ಟುವುದಿಲ್ಲ. ಮೂತ್ರಪಿಂಡದಲ್ಲಿ ಎರಡು ಕಲ್ಲು ಬೆಳೆದಿವೆ. ಡಾಕ್ಟರು "ನೀರು ಕುಡೀಬೇಕು, ಇಲ್ಲಾ ಬಸ್ ಬಿಡಬೇಕು" ಎಂದಿದ್ದಾರೆ. ಬಸ್ ಬಿಟ್ಟರೆ ಅದು ನನ್ನನ್ನು ನೋಡಲು ಬರುವಂತಿಲ್ಲ; ನಾನೇ ಹೋಗೋಣವೆಂದರೆ ನನ್ನ ಮಂಡಿಗಳು ಬಸ್ಸಿನ ಮೆಟ್ಟಿಲು ಹತ್ತುವುದಿಲ್ಲ.

ಮೇಲಧಿಕಾರಿಗಳನ್ನು ಕಂಡೆ. ತಮ್ಮ ಕೀಲಿಕೈ ವರ್ಗವಾಗಿ ಹೋದ ಸಾಹೇಬರ ಜೇಬಿನಲ್ಲಿದೆಯಂತೆ. "ನೋಡೋಣ ಯಜಮಾನ್ರೇ" ಎಂದರು. ಆದ್ದರಿಂದ ನೇರ ತಮ್ಮಲ್ಲೇ ಅರಿಕೆ: ದಿನಕ್ಕೆ ಐದು ನಿಮಿಷ ತಾವಾಗಿಯೇ ಬಾಯಿ ಬಿಡುವ ಕೃಪೆಯಾಗಲಿ. ಆಗದಿದ್ದರೆ ನನ್ನ ಮಗುವಿಗೆ ಕುರ್ಚಿಯ ದರ್ಜೆಯಾದರೂ ಕೊಡಿಸಿ. ಅರ್ಹತೆಗೆ ಕೆಟ್ಟ ಕಾಲು ಬೇಕೆಂದರೆ ನನ್ನವೆರಡೂ ಸಿದ್ಧ.

ತಮ್ಮ ನಿಷ್ಠೆಗೆ ತಲೆಬಾಗಿರುವ,
ತಮ್ಮ ವಿಶ್ವಾಸಿ,
ಮಗುವಿನ ಅಪ್ಪ

ಮರೆತ ಮಾತು: ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ತಲುಪುವ ಬಸ್ಸಿಗೆ ಮಗು ಬರುತ್ತಿದೆ. ದಾರಿಯುದ್ದಕ್ಕೂ ಚೆನ್ನಾಗಿ ನೀರು ಕುಡಿ ಎಂದು ಫೋನಿನಲ್ಲಿ ಹೇಳಿದೆ. "ಆಮೇಲೆ ಏನ್ಮಾಡ್ಲಿ ಅಪ್ಪಾ?" ಎಂದಿತು. "ಅದು ನನ್ನ ಡಿಪಾರ್ಟ್‌ಮೆಂಟು" ಎಂದೆ. ಹತ್ತೂವರೆಗೇ ತಮ್ಮೆದುರು ಹಾಜರಿರುತ್ತೇನೆ, ಭಾವಮೈದುನನ ಕಬ್ಬಿಣ ಕೊಯ್ಯುವ ಗರಗಸದ ಸಮೇತ. ಬೆದರಿಕೆ ಎಂದು ದಯಮಾಡಿ ತಿಳಿಯಬೇಡಿ. ಇಂಗ್ಲಿಷಿನಲ್ಲಿ ಇದಕ್ಕೆ ರಿಮೈಂಡರ್ ಎನ್ನುತ್ತಾರೆ.