ಟವಲ್ಲಿನಡಿ ಕುದುರಿದ ಇಂಟರ್ನೆಟ್ಟು

ಇಡೀ ನ್ಯಾಮತಿ ತಾಲ್ಲೂಕಿನಲ್ಲಿ ಇಂಟರ್ನೆಟ್ಟನ್ನು ಮೂಸಿ ನೋಡಿ ಕೊಂಡವರು ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಒಬ್ಬರೇ! ನಗಬೇಡಿ. ಮೂಸಿದ್ದು ಮಾತ್ರವಲ್ಲ, ಬಿಸಿಲಿಗೆ ಹಿಡಿದು ನೋಡಿದರು, ಹಲ್ಲಿನಲ್ಲಿ ಕಚ್ಚಿಯೂ ನೋಡಿದರು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಎಲೆ, ಸುಣ್ಣದ ಜೊತೆ ಹಾಕಿಕೊಂಡು ಜಗಿದೇ ಬಿಡುತ್ತಿದ್ದರೇನೋ.

ಅವರದೇನೂ ತಪ್ಪಿಲ್ಲ. ಅಡಿಕೆಯಿಂದ ಹಿಡಿದು ಎತ್ತಿನವರೆಗೆ ದಲ್ಲಾಳಿ ಕೆಲಸ ಮಾಡಿಕೊಂಡೇ ಬಂದವರು. ಅವರ ಕಾಲದ ವ್ಯಾಪಾರವೆಂದರೆ ಬಾಯಿಯಲ್ಲಿ ರೇಟು ಹೇಳುವುದಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡನ್ನೂ ಒಂದು ಟವಲ್ಲಿನಡಿ ಸೇರಿಸಿ, ಬೆರಳು ಹಿಸುಕಿ ರೇಟು ಹೇಳುವುದು. ಸುತ್ತ ನಿಂತವರಿಗೆ ಟವಲ್ಲು ಅಲ್ಲಾಡಿದ್ದು ಕಾಣಬೇಕೇ ಹೊರತು ಬೆರಳು ಕಾಣಬಾರದು. ಮಾವ ಈಗಲೂ ತರಕಾರಿಯವಳ ಮುಂದೆ ಹೆಗಲಿನ ಟವಲ್ಲಿಗೆ ಕೈ ಹಾಕುತ್ತಾರೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, "ನನ್ನ ರೇಟಿಗೆ ಯಾರೂ ಕುದುರ್ಲಿಲ್ಲ ಕಣವ್ವಾ" ಎನ್ನುತ್ತಾರೆ.

ಅಪ್ಪ ತೀರಿಕೊಂಡ ಮೇಲೆ ಅವ್ವನೂ ನಾನೂ ಗೋವಿನಕೋವಿಯಲ್ಲಿ ಇವರ ಜೊತೆಗೇ ಇದ್ದೇವೆ. ನಾನು ಹೊನ್ನಾಳಿಯ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ಮಕ್ಕಳು ಕಡಿಮೆಯಾದರೆಂದು ನಾಲ್ಕು ಜನ ಟೀಚರುಗಳನ್ನು ಮನೆಗೆ ಕಳಿಸಿದರು. ಆ ನಾಲ್ವರಲ್ಲಿ ನಾನೂ ಒಬ್ಬಳು. ಐದು ತಿಂಗಳು ಅಲ್ಲಿ ಇಲ್ಲಿ ಅರ್ಜಿ ಹಾಕಿ ಸಾಕಾಗಿ ಕೂತಿದ್ದಾಗ, ಒಂದು ಬುಧವಾರ ಆನ್‌ಲೈನ್ ಪಾಠದ ಕಂಪನಿಯೊಂದರಿಂದ ಉತ್ತರ ಬಂತು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷಾ ಪಾಠ. ಪಾಸಾದರೆ ಮರುದಿನದಿಂದಲೇ ಕೆಲಸ. ಒಂದೇ ಷರತ್ತು, ಮನೆಯಲ್ಲಿ ವೈರಿನ ಇಂಟರ್ನೆಟ್ ಇರಬೇಕು. ಫೋನಿನ ಡೇಟಾ ನಡೆಯುವುದಿಲ್ಲ. ಪಾಠದ ಮಧ್ಯೆ ಲೈನು ಹೋಯಿತೋ, ಕೆಲಸವೂ ಹೋಯಿತು!

ಬುಧವಾರದಿಂದ ಸೋಮವಾರಕ್ಕೆ ಎಷ್ಟು ದಿನ? ಕ್ಯಾಲೆಂಡರಿನಲ್ಲಿ ಐದು. ನನ್ನ ಲೆಕ್ಕದಲ್ಲಿ ಐವತ್ತು. ಕೆಲಸವಿಲ್ಲದವಳು ದುಬಾರಿ ಕನೆಕ್ಷನ್ ಹಾಕಿಸಿಕೊಳ್ಳುವುದಾದರೂ ಹೇಗೆ? ಇದನ್ನು ಅವ್ವನ ಹತ್ತಿರ ಪಿಸುಗುಟ್ಟಿದ್ದೇ ತಪ್ಪಾಯಿತು. ಮಾವ ಹೊರಗಿನಿಂದಲೇ ಕೂಗಿದರು.

"ಇಂಟರ್ನೆಟ್ಟು ತಾನೇ? ನಾನು ಕುದುರಿಸ್ತೀನಿ ಬಿಡು!"

ನನ್ನ ಅರ್ಧ ಧೈರ್ಯ ಅಲ್ಲಿಗೇ ಹೋಯಿತು.

ಗುರುವಾರ ದೊಡ್ಡ ಕಂಪನಿಯ ಏಜೆಂಟರೊಬ್ಬರು ಬಂದರು. ಕೊರಳಲ್ಲಿ ಟೈ, ಕೈಯಲ್ಲಿ ಬಣ್ಣದ ಕಾಗದ. ತಿಂಗಳಿಗೆ ಏಳುನೂರು, ಮೊದಲೇ ಆರು ತಿಂಗಳದು ಕಟ್ಟಬೇಕು ಎಂದರು. ಒಟ್ಟು ನಾಲ್ಕು ಸಾವಿರದ ಇನ್ನೂರು! ಮಾವ ಪಕ್ಕದಲ್ಲಿ ಕೂತು, ಹೆಗಲ ಟವಲ್ಲನ್ನು ಆತನ ಕೈ ಮೇಲೆ ಹೊದಿಸಿ, ಒಳಗೆ ಕೈ ತೂರಿಸಿ ನಾಲ್ಕು ಬೆರಳು ಹಿಡಿದು ಹಿಸುಕಿದರು. ಆ ಮನುಷ್ಯ ಒಂದು ಕ್ಷಣ ಗಾಬರಿಯಾದರು. ಆಮೇಲೆ ಮುಖ ಅರಳಿತು.

"ಓ, ಕೈ ಹಿಡಿದು ಶಾಸ್ತ್ರ ಹೇಳ್ತೀರಾ ಸಾರ್? ಈ ವರ್ಷ ಪ್ರಮೋಷನ್ ಐತಾ ನೋಡ್ರಿ."

"ಆತಾ?" ಎಂದರು ಮಾವ, ಮತ್ತೊಮ್ಮೆ ಹಿಸುಕಿ.

"ಆತು ಅಂದ್ರೆ ಆಗ್ಲಿ ಸಾರ್, ನಿಮ್ ಬಾಯಾಗಿಂದ ಬಂತಲ್ಲ!"

ಮಾವ ಟವಲ್ಲು ಕೊಡವಿ ಎದ್ದರು. "ವ್ಯಾಪಾರ ಮುಗೀತು. ನಾನೂರಕ್ಕೆ ಒಪ್ಪಿದ."

ಏಜೆಂಟರಿಗೆ ವಿಷಯ ತಿಳಿಸುವುದಕ್ಕೆ ನನಗೆ ಕಾಲು ಗಂಟೆ ಹಿಡಿಯಿತು. ರೇಟು ನಮ್ಮ ಕೈಯಲ್ಲಿಲ್ಲ ಯಜಮಾನ್ರೇ, ಅದು ಕಂಪ್ಯೂಟರಿನಲ್ಲಿ ಬರುತ್ತದೆ ಎಂದು ಅವರು ಗೋಗರೆದರು. "ಹಂಗಾದ್ರೆ ಅದನ್ನೇ ಕರ್ಕೊಂಡ್ ಬಾರಪ್ಪ. ಅದಕ್ಕೂ ಕೈ ಐತಾ ನೋಡಾನ!" ಎಂದರು ಮಾವ. ಟೈ ಸರಿಮಾಡಿಕೊಂಡು ಹೋದ ಆ ಮನುಷ್ಯ ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಶುಕ್ರವಾರ ಎದುರುಮನೆಯ ವೈಫೈ ಹಂಚಿಕೊಳ್ಳುವ ಪ್ರಸ್ತಾಪ. ಎದುರುಮನೆಯವರು ಒಳ್ಳೆಯವರು, ಪಾಸ್‌ವರ್ಡನ್ನೂ ಕೊಟ್ಟರು. ಆದರೆ ಅವರ ಸಿಗ್ನಲ್ಲು ನಮ್ಮ ಮನೆಯ ಒಂದೇ ಒಂದು ಜಾಗಕ್ಕೆ ಬರುತ್ತಿತ್ತು, ಬಚ್ಚಲುಮನೆಯ ಕಿಟಕಿಯ ಹತ್ತಿರ. ಮಾವ ಹಂಡೆಯ ಮೇಲೆ ಹಲಗೆ ಇಟ್ಟು, ಲ್ಯಾಪ್‌ಟಾಪಿಗೆ ಪೀಠ ಸಿದ್ಧಪಡಿಸಿ, "ಸ್ನಾನ ಮುಗಿಸ್ಕೊಂಡು ಹಂಗೇ ಪಾಠ ಹೇಳಾಕೂ ಅನುಕೂಲ" ಎಂದು ನನ್ನನ್ನೇ ನೋಡಿದರು. ನನಗೆ ನಗು ಬರಬೇಕಿತ್ತು. ಬಂದದ್ದು ಅಳು. ಇನ್ನು ಉಳಿದಿದ್ದು ಎರಡೇ ದಿನ.

ಶನಿವಾರ ಮಾವ ನ್ಯಾಮತಿಗೆ ಹೋಗಿ ಒಬ್ಬ ಕೇಬಲ್‌ನವರನ್ನು ಹಿಡಿದು ತಂದರು. ಮೊದಲು ಟೀವಿ ಕೇಬಲ್ ಎಳೆಯುತ್ತಿದ್ದವರು, ಈಗ ಇಂಟರ್ನೆಟ್ ಎಳೆಯುತ್ತಾರೆ. ಅದಕ್ಕೂ ಮೊದಲು ಅಡಿಕೆ ಮಂಡಿಯಲ್ಲಿ ಚೀಲ ಹೊತ್ತವರಂತೆ. ವಿಷಯ ಇದ್ದದ್ದು ಇಲ್ಲೇ! ಮಾವ ಟವಲ್ಲು ತೆಗೆದ ಕೂಡಲೇ ಆತ ತಾನಾಗಿ ಕೈ ಒಳಗಿಟ್ಟರು. ಟವಲ್ಲು ಎರಡು ಸಲ ಅಲ್ಲಾಡಿತು. ತಿಂಗಳಿಗೆ ಮುನ್ನೂರೈವತ್ತು, ಮುಂಗಡವಿಲ್ಲ!

ನಾನು ಖುಷಿಯಿಂದ ಕುಣಿಯುವುದರೊಳಗೆ ಮಾವ, "ಮಾದರಿ ತೋರ್ಸು" ಎಂದರು. ಚೀಲದಿಂದ ನಾಲ್ಕು ಅಡಿಕೆ ತೆಗೆದು ನೋಡದೆ ಯಾರಾದರೂ ವ್ಯಾಪಾರ ಮುಗಿಸುತ್ತಾರೆಯೇ? ಕೇಬಲ್‌ನವರು ಗೇಣುದ್ದ ವೈರು ಕತ್ತರಿಸಿ ಕೊಟ್ಟರು. ನಾನು ಮೊದಲೇ ಹೇಳಿದ ಮೂಸುವಿಕೆ ನಡೆದದ್ದು ಆಗಲೇ.

"ಒಳಗೆ ಏನೂ ಇಲ್ವಲ್ಲೋ! ಕೂದಲಿನಂಗೆ ಒಂದು ಎಳೆ ಐತೆ."

"ಅದು ಗಾಜಿಂದು ಯಜಮಾನ್ರೇ. ಅದ್ರಾಗೆ ಬೆಳಕು ಹೋಗ್ತೈತೆ."

"ಹಗಲೊತ್ತಿನಾಗೆ ಪಾಠ ಮಾಡಾಕೆ ಬೆಳಕು ಯಾಕೆ ಬೇಕೋ? ರಾತ್ರಿದು ಬಿಟ್ಟು ರೇಟು ಹಾಕು!"

ಅಂತೂ ಭಾನುವಾರ ಸಂಜೆ ಬೀದಿಯ ಆಚೆಯ ಕಂಬದಿಂದ ನಮ್ಮ ಮನೆಗೆ ವೈರು ಬಂತು. ವೈರಿನ ತುದಿಗೆ ಕೂರಿಸಿದ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಉಳಿದ ವೈರನ್ನು ಕೇಬಲ್‌ನವರು ಅಗಲವಾಗಿ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿ ಹೋದರು. ಐದು ದಿನಗಳ ಮೇಲೆ ಆ ರಾತ್ರಿ ಸ್ವಲ್ಪ ನಿದ್ದೆ ಮಾಡಿದೆ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ನೋಡಿದರೆ ಕೆಂಪು ದೀಪ! ಸ್ವಿಚ್ಚು ತೆಗೆದು ಹಾಕಿದೆ, ಕೈ ಮುಗಿದೆ, ತಟ್ಟಿದೆ. ಕೆಂಪು ಕೆಂಪೇ. ಹೊರಗೆ ಓಡಿದರೆ ಗೋಡೆಯ ಮೇಲೆ ವೈರಿನ ಸುರುಳಿ ಇರಲಿಲ್ಲ. ಅದರ ಬದಲು ಅಂಗೈಯಗಲದ ಒಂದು ಅಚ್ಚುಕಟ್ಟಾದ ಪಿಂಡಿ ಇತ್ತು. ಮಡಚಿ, ಮಡಚಿ, ಮಧ್ಯೆ ಸುತಳಿ ಸುತ್ತಿ, ಅಡಿಕೆ ಚೀಲದ ಬಾಯಿಗೆ ಹಾಕುವ ಎರಡು ಗಂಟು ಬಿಗಿದಿತ್ತು. ಆ ಗಂಟು ಹಾಕುವವರು ನಮ್ಮ ಮನೆಯಲ್ಲಿ ಒಬ್ಬರೇ.

"ಜೋತಾಡ್ತಿತ್ತು ಕಣವ್ವಾ, ಚೆಂದ ಕಾಣ್ತಿರ್ಲಿಲ್ಲ. ಬಿಗಿಯಾಗಿ ಕಟ್ಟಿದೆ" ಎಂದರು ಮಾವ ಹೆಮ್ಮೆಯಿಂದ.

ಗಾಜಿನ ಎಳೆಯನ್ನು ಮಡಚಿದರೆ ಉಳಿಯುತ್ತದೆಯೇ? ಬಿಚ್ಚಿ ನೋಡಿದೆ. ದೀಪ ಕೆಂಪಾಗಿಯೇ ಇತ್ತು. ಕೇಬಲ್‌ನವರ ಫೋನು ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಆಗ ನನ್ನ ಬಾಯಿಗೆ ಏನು ಬಂತೋ ಅದನ್ನೆಲ್ಲ ಅಂದೆ. "ನಿಮ್ಮನ್ನ ಯಾರು ಕರೆದ್ರು? ನನ್ನ ಬದುಕು ನಿಮಗೆ ಸಂತೆ ವ್ಯಾಪಾರನಾ?" ಎಂದು ಕಿರುಚಿದೆ. ಮಾವ ಟವಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಮೊಪೆಡ್ಡಿನ ಸದ್ದು ಕೇಳಿಸಿತು. ತಪ್ಪಿಸಿಕೊಂಡು ಹೋದರು ಎಂದುಕೊಂಡೆ.

ಒಂಬತ್ತೂವರೆ. ಹತ್ತು. ಹತ್ತೂವರೆ. ಕಂಪನಿಗೆ ಕ್ಷಮೆ ಕೇಳಿ ಏನು ಬರೆಯಲಿ ಎಂದು ಫೋನು ಹಿಡಿದು ಕೂತಿದ್ದೆ. ಹತ್ತು ಮುಕ್ಕಾಲಿಗೆ ಮೊಪೆಡ್ಡು ಬಂದು ನಿಂತಿತು. ಹಿಂದೆ ಕೇಬಲ್‌ನವರು ಕೂತಿದ್ದರು. ಕೊರಳಿಗೆ ಬಿಳಿ ಬಟ್ಟೆ, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ಮೇಲೆ ಒಣಗಿದ ಸೋಪಿನ ನೊರೆ! "ಅಂಗಡಿ ಕುರ್ಚಿಯಿಂದ ಎಬ್ಬಿಸ್ಕೊಂಡು ಬಂದಾರೆ ಅಕ್ಕಾ. ಅರ್ಧ ಶೇವಿಂಗಿಗೆ ಪೂರ್ತಿ ರೊಕ್ಕ ಕೊಟ್ಟಿದ್ದು ಇದೇ ಮೊದ್ಲು!" ಎನ್ನುತ್ತ ಆತ ಕೆಲಸಕ್ಕೆ ಕೂತರು. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಹಸಿರು ದೀಪ ಹತ್ತಿತು. ನಾನು ಬಾಗಿಲು ಹಾಕಿಕೊಂಡು ಭಿನ್ನರಾಶಿಯ ಪಾಠ ಶುರು ಮಾಡಿದೆ. ಅರ್ಧ ಗಂಟೆ ನನ್ನ ಒಂದು ಕಣ್ಣು ಮಕ್ಕಳ ಮೇಲೆ, ಇನ್ನೊಂದು ದೀಪದ ಮೇಲೆ. ಲೈನು ಒಂದು ಸಲವೂ ಅಲುಗಲಿಲ್ಲ.

ಮುಗಿಸಿ ಹೊರಗೆ ಬಂದರೆ ಬೀದಿಯಲ್ಲಿ ಜಾತ್ರೆಯಷ್ಟು ಜನ! ಆಳೆತ್ತರಕ್ಕೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಹಾಲಿನ ವ್ಯಾನು. ಎಲ್ಲದರ ಮುಂದೆ ನಡುಬೀದಿಯ ಬಿಸಿಲಿನಲ್ಲಿ, ವೈರಿನ ಕೆಳಗೆ ಸರಿಯಾಗಿ, ಎರಡೂ ಕೈ ಚಾಚಿ ನಿಂತಿದ್ದರು ಮಾವ. ಹುಲ್ಲು ತಗುಲಿ ವೈರು ಕಿತ್ತು ಹೋದೀತೆಂದು ಅರ್ಧ ಗಂಟೆಯಿಂದ ಯಾರನ್ನೂ ಬಿಟ್ಟಿರಲಿಲ್ಲ.

"ಯಜಮಾನ್ರೇ, ಮನ್ಯಾಗೆ ಯಾರಾದ್ರೂ ತೀರ್ಕೊಂಡ್ರಾ?" ಎಂದು ಟ್ರ್ಯಾಕ್ಟರಿನವನು ಕೇಳುತ್ತಿದ್ದ.

"ಮೆಲ್ಲಕ ಮಾತಾಡೋ. ಒಳಗೆ ನಮ್ ಹುಡುಗಿ ಪಾಠ ಹೇಳಾಕತ್ತಾಳೆ" ಎಂದು ಮಾವ ಪಿಸುಗುಟ್ಟಿದರು.

ಪಾಠ ಮುಗಿಯಿತು ಎಂದು ನಾನು ಕೈ ಆಡಿಸಿದ ಮೇಲೆಯೇ ಅವರು ಪಕ್ಕಕ್ಕೆ ಸರಿದದ್ದು. ಒಂದು ಉದ್ದನೆಯ ಕೋಲಿನಿಂದ ವೈರನ್ನು ಎತ್ತಿ ಹಿಡಿದು ಟ್ರ್ಯಾಕ್ಟರುಗಳನ್ನು ದಾಟಿಸಿದರು. ಅಷ್ಟರಲ್ಲಿ ನನ್ನ ಫೋನಿಗೆ ಸಂದೇಶ ಬಂತು. ನಾಳೆ ಸಂಜೆ ಆರಕ್ಕೆ ಮೊದಲ ತರಗತಿ. ಓದಿ ಹೇಳಿದೆ. ಮಾವ ಹಾಗೇ ಕಟ್ಟೆಯ ಮೇಲೆ ಕುಸಿದು ಕೂತರು. ಬೆಳಿಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ನಾನು ಪಕ್ಕದಲ್ಲಿ ಕೂತೆ. ಅವರು ನನಗೆ ಮಾತಾಡಲು ಬಿಡಲಿಲ್ಲ.

"ನಿಮ್ಮವ್ವಗೂ ಟೀಚರ್ ಕೆಲಸದ ಆರ್ಡರ್ ಬಂದಿತ್ತು ಕಣವ್ವಾ. ಮದುವೆಗೆ ಮುಂಚೆ. ಜಗಳೂರು ಕಡೆ ಒಂದು ಹಳ್ಳಿಗೆ. ಅಷ್ಟು ದೂರ ಹೆಣ್ಮಗಳು ಒಬ್ಳೇ ಹೆಂಗೆ ಇರ್ತಾಳೆ ಅಂತ ನಾನೇ ಬ್ಯಾಡ ಅಂದೆ. ಅವಳು ಒಂದು ಮಾತು ಎದುರಾಡ್ಲಿಲ್ಲ. ಇವತ್ತು ಕೆಲಸ ಮನೀಗೇ ಬಂದ್ರೂ ನಾನೇ ಅಡ್ಡ ಬಂದ್ನಲ್ಲ ಅಂತ, ದಾರಿ ಪೂರ್ತಿ ಅದೇ..."

ನನಗೆ ಇದೊಂದೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಶಾಲೆಯಿಂದ ಬಂದು ಮಕ್ಕಳ ತಂಟೆ ಹೇಳುವಾಗೆಲ್ಲ ಅವ್ವ ರೊಟ್ಟಿ ತಟ್ಟುತ್ತ ಸುಮ್ಮನೆ ಕೇಳುತ್ತಿದ್ದಳು. ಮಾವನ ಕೈ ಹಿಡಿದುಕೊಂಡೆ.

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ ತಿಳಿಯದು. ಮಾವ ತಲೆ ಎತ್ತಲಿಲ್ಲ. ಅವಳು ಕೆಳಗಿಳಿದು ಬಂದು ಚಹಾದ ಲೋಟವನ್ನು ಅಣ್ಣನ ಕೈಗಿಟ್ಟಳು.

"ಬೆಳಿಗ್ಗೆಯಿಂದ ಹೊಟ್ಟೀಗೆ ಏನೂ ಹಾಕಿಲ್ಲ. ಕುಡಿಯಣ್ಣ, ಆರ್ತೈತೆ."

ಆಮೇಲೆ ನನ್ನ ಕಡೆ ತಿರುಗಿದಳು.

"ನಾಳೆ ಪಾಠ ಹೇಳೋವಾಗ ಆ ಬಾಗ್ಲು ತೆಗೆದಿಡು. ಹೊರಗೆ ಸರಿಯಾಗಿ ಕೇಳ್ಸಂಗಿಲ್ಲ."