ಕುದ್ರುವಿನ ವಕೀಲನಾದದ್ದು

ವಕೀಲನಿಗೆ ಕಾನೂನು ಉಪಯೋಗಕ್ಕೆ ಬರುವ ದಿನಗಳು ಕಡಿಮೆ. ಉಳಿದ ದಿನಗಳಲ್ಲಿ ಇಂಥವು ನಡೆಯುತ್ತಿರುತ್ತವೆ. ಮೂಡುಬಿದಿರೆಯ ನಮ್ಮ ಮನೆಯಲ್ಲಿ ಹೇಳಿದರೆ ಕಟ್ಟುಕತೆ ಎನ್ನುತ್ತಾರೆ. ಬಂಟ್ವಾಳದಲ್ಲಿ ಹೇಳಿದರೆ "ಅಷ್ಟೇಯಾ?" ಎನ್ನುತ್ತಾರೆ.

ಮೊದಲನೆಯ ಪ್ರಮಾಣ

ಅರವತ್ತರ ದಶಕದ ಆರಂಭ. ಮದರಾಸಿನಲ್ಲಿ ಕಾನೂನು ಓದಿ, ಬೆಂಗಳೂರಿಗೆ ಹೋಗಿ ವಕೀಲನೆಂದು ಪ್ರಮಾಣ ಮಾಡಿದೆ. ಗೌನು ಸ್ನೇಹಿತನದು. ಅವನು ಆರಡಿ, ನಾನು ಐದೂಕಾಲು. ಪ್ರಮಾಣವಚನ ಓದಿ ತಿರುಗುವಾಗ ಹಿಂದಿನವನು ಗೌನಿನ ಅಂಚಿನ ಮೇಲೆ ನಿಂತಿದ್ದ. ನ್ಯಾಯದ ಘನತೆ ಕಾಪಾಡುತ್ತೇನೆಂದು ಹೇಳಿ ಅರ್ಧ ನಿಮಿಷವಾಗಿರಲಿಲ್ಲ, ಎರಡೂ ಮೊಣಕಾಲೂರಿ ನೆಲದಲ್ಲಿದ್ದೆ.

ಪಕ್ಕದಲ್ಲಿದ್ದ ಹಿರಿಯ ವಕೀಲರು ಮೆಲ್ಲಗೆ ಹೇಳಿದರು: "ಸಾಕು, ಸಾಕು. ಇಷ್ಟು ಭಕ್ತಿ ಈ ವೃತ್ತಿಗೆ ಬೇಕಾಗಿಲ್ಲ."

ಎರಡನೆಯ ಪ್ರಮಾಣ

ನದಿಯ ನಡುವಿನ ದ್ವೀಪಕ್ಕೆ ನಮ್ಮಲ್ಲಿ ಕುದ್ರು ಎನ್ನುತ್ತಾರೆ. ಬಂಟ್ವಾಳದಿಂದ ಮೇಲೆ ನೇತ್ರಾವತಿಯಲ್ಲಿ ಒಂದು ನೆರೆ ಇಳಿದ ಮೇಲೆ ಹೊಸ ಕುದ್ರು ಎದ್ದಿತ್ತು. ಬೇರೆಲ್ಲೂ ಜಾಗವಿಲ್ಲದ ಒಂಬತ್ತು ಮನೆಯವರು ಅಲ್ಲಿ ನೆಲಸಿ ಬಸಳೆ, ತೊಂಡೆ ಬೆಳೆಯುತ್ತಿದ್ದರು. ದಡದ ಮೇಲಿನ ಧನಿಗಳು ದಾವೆ ಹಾಕಿದರು: ಬೇಸಿಗೆಯಲ್ಲಿ ನಡೆದೇ ಹೋಗಬಹುದು, ಆದ್ದರಿಂದ ಅದು ದ್ವೀಪವಲ್ಲ, ನಮ್ಮ ಗದ್ದೆಯದೇ ಬಾಲ. ದ್ವೀಪವಾದರೆ ಅದು ಸರಕಾರದ್ದು, ಧನಿಗಳಿಗೆ ಹಕ್ಕಿಲ್ಲ; ಸೋತರೆ ಒಂಬತ್ತು ಮನೆಯವರೂ ಎದ್ದು ಹೋಗಬೇಕು.

ಅದು ನನ್ನ ಮೊದಲ ಕೇಸು. ಕುದ್ರುವಿನ ಹಿರಿಯರಾದ ಗುರಿಕಾರರು ನನ್ನನ್ನು ದೋಣಿಯಲ್ಲಿ ಕರೆದೊಯ್ದು ದೈವದ ಒಂದು ಕಲ್ಲಿನ ಮುಂದೆ ನಿಲ್ಲಿಸಿದರು.

"ಇಲ್ಲೊಂದು ಪ್ರಮಾಣ ಮಾಡಿ ವಕೀಲರೇ."

"ಬೆಂಗಳೂರಿನಲ್ಲಿ ಮಾಡಿದ್ದೇನಲ್ಲ?"

"ಅಲ್ಲಿ ತಪ್ಪಿದರೆ ಎಂತ ಆಗ್ತದೆ?"

"ಸನ್ನದು ಹೋಗ್ತದೆ."

"ಅಷ್ಟೇಯಾ? ಇಲ್ಲಿ ತಪ್ಪಿದರೆ ಹೊಟ್ಟೆನೋವು ಸುರುವಾಗ್ತದೆ."

ಕುದ್ರುವೇ ಹೊಸತು, ಇಲ್ಲಿ ದೈವ ಎಲ್ಲಿಂದ ಬಂತು ಎಂದು ಕೇಳಿದೆ. "ದೈವ ಹಳತೇ. ಕಲ್ಲು ಮಾತ್ರ ಹೊಸತು," ಎಂದರು. ಹಿಂದಿನ ವಕೀಲರು ಧನಿಗಳ ಮನೆಯಲ್ಲಿ ಒಂದು ಊಟ ಮಾಡಿ ಬಂದವರು ಇವರ ಗುರುತೇ ಮರೆತಿದ್ದರಂತೆ. ಆದ್ದರಿಂದ ಧನಿಗಳ ಮನೆಯಲ್ಲಿ ಉಣ್ಣುವುದಿಲ್ಲ ಎಂದು ನಾನು ಹೇಳಬೇಕಿತ್ತು. ದೇವರಿಲ್ಲವೆಂದು ಹಾಸ್ಟೆಲಿನಲ್ಲಿ ಎರಡು ವರ್ಷ ಭಾಷಣ ಮಾಡಿದವನು, ಚಪ್ಪಲಿ ಕಳಚಿ ಕೈಮುಗಿದು ಹೇಳಿದೆ. ಕಕ್ಷಿದಾರರು ಬೇರೆ ಇರಲಿಲ್ಲ.

ಮರುದಿನವೇ ಹೊಟ್ಟೆನೋವು ಬಂತು. ಕುದ್ರುವಿನಲ್ಲಿ ಬಡಿಸಿದ ಹಲಸಿನ ಹಣ್ಣಿನದು ಎಂದು ನಾನು. ಗುರಿಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಊಟ ಮಾಡಿಲ್ಲ ಸರಿ. ಧನಿಗಳಲ್ಲಿ ಮಜ್ಜಿಗೆ ಗಿಜ್ಜಿಗೆ ಕುಡಿದಿರಾ?"

ಸಾಕ್ಷಿ

ಕೋರ್ಟಿನಲ್ಲಿ ಗುರಿಕಾರರೇ ನಮ್ಮ ಮುಖ್ಯ ಸಾಕ್ಷಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದು ಮೂರು ದಿನ ಪಾಠ ಮಾಡಿದ್ದೆ. ಧನಿಗಳ ವಕೀಲರು ಬೆಳ್ತಂಗಡಿಯ ಕಡೆಯವರು, ಗಂಟಲು ದೊಡ್ಡದು.

"ಬೇಸಿಗೆಯಲ್ಲಿ ಆ ನೀರನ್ನು ನಡೆದು ದಾಟಬಹುದಲ್ಲ?"

"ನಾನು ದಾಟುವುದಿಲ್ಲ. ನನಗೆ ಬುದ್ಧಿ ಉಂಟು."

"ಬುದ್ಧಿಯ ಮಾತು ಬೇಡ. ಯಾರಾದರೂ ನಡೆದು ದಾಟಿದ್ದುಂಟೋ ಇಲ್ಲವೋ?"

"ಒಬ್ಬ ಹೊರಟಿದ್ದ. ಧನಿಗಳ ಒಕ್ಕಲಿನವನೇ. ನಮ್ಮ ಕುದ್ರುವಿನ ಹತ್ತಿರ ಇಳಿದವನು ಬಂಟ್ವಾಳದಲ್ಲಿ ಮೇಲೆ ಬಂದ."

ಮುನ್ಸೀಫರು ಬರೆಯುವುದನ್ನು ನಿಲ್ಲಿಸಿ ಕೇಳಿದರು: "ಬದುಕಿದನೋ ಇಲ್ಲವೋ?"

"ಬದುಕಿದ ಸ್ವಾಮಿ. ಆದರೆ ಅಲ್ಲಿಯೇ ಮದುವೆಯಾದ."

ಸ್ಥಳ ತನಿಖೆ

ಇಷ್ಟಾದ ಮೇಲೆ ಮುನ್ಸೀಫರು ತಾವೇ ಬಂದು ನೋಡುವುದೆಂದು ನಿಶ್ಚಯಿಸಿದರು. ಧಾರವಾಡದ ಕಡೆಯವರು, ನಮ್ಮ ತುಳು ಬಾರದು. ನಾನು ನಿರಾಳನಾದೆ. ದೋಣಿಯಲ್ಲಿ ಕೂತು ದಾಟಿದವರು ಅದನ್ನು ದ್ವೀಪವಲ್ಲ ಎಂದು ಹೇಗೆ ಬರೆಯುತ್ತಾರೆ?

ಬೆಳಿಗ್ಗೆ ದಡಕ್ಕೆ ಹೋಗಿ ನೋಡಿದರೆ, ಈ ದಡದಿಂದ ಕುದ್ರುವಿಗೆ ಹೊಸ ಸಂಕ. ನೀರಿನಲ್ಲಿ ಗೂಟ ನೆಟ್ಟು, ಅಡಕೆ ಮರ ಸೀಳಿ ಹಾಸಿ, ಹಿಡಿದುಕೊಳ್ಳಲು ಬಿದಿರು ಕಟ್ಟಿದ್ದರು. ಎರಡೂ ತುದಿಗೆ ಮಾವಿನ ತೋರಣ.

"ಗುರಿಕಾರರೇ, ಇದೆಂತದು!"

"ದೊಡ್ಡವರು ಬರುವಾಗ ಸೋರುವ ದೋಣಿಯಲ್ಲಿ ಕೂರಿಸುವುದಾ? ಮರ್ಯಾದೆ ಬೇಡವಾ ವಕೀಲರೇ?"

"ನಡೆದು ಹೋಗಲಿಕ್ಕೆ ಆಗುವುದಿಲ್ಲ ಎಂಬುದೇ ನಮ್ಮ ಕೇಸು ಮಾರಾಯ್ರೇ!"

"ಅದು ನಮಗೆ. ಇದು ಅವರಿಗೆ."

ಬಿಚ್ಚಿಸಲು ಹೊತ್ತಿರಲಿಲ್ಲ. ಮುನ್ಸೀಫರು ಬಂದರು. ಬೆಳ್ತಂಗಡಿಯ ವಕೀಲರು ಸಂಕವನ್ನು ಕಂಡು ಮದುಮಗನಂತೆ ನಕ್ಕರು. "ನೋಡಬೇಕು ಸ್ವಾಮಿ. ನಡೆದೇ ಹೋಗುವ." ನಾನು ಮೂಡುಬಿದಿರೆಯಲ್ಲಿ ಮೇಷ್ಟ್ರ ಕೆಲಸ ಖಾಲಿ ಉಂಟೇ ಎಂದು ಯೋಚಿಸತೊಡಗಿದೆ.

ಅಷ್ಟರಲ್ಲಿ ಧನಿಗಳು ಬಂದರು. ಅವರ ಕಣ್ಣು ಸಂಕದ ಈಚೆ ತುದಿಗೆ ಬಿತ್ತು. ಸಂಕ ಕೂರಿಸಲು ದಡವನ್ನು ಅಗೆದು ಎರಡು ಮೆಟ್ಟಿಲು ಮಾಡಿದ್ದರು. ಹೇಳದೆ ಕೇಳದೆ ಪಕ್ಕದ ಮನೆಯ ದನ ಬಂದರೂ ಕಟ್ಟಿಹಾಕುವ ಮನುಷ್ಯ. ಮುಖ ಕೆಂಪಗಾಯಿತು. ತುಳುವಿನಲ್ಲಿ ಗುಡುಗಿದರು. ಅವರ ವಕೀಲರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ಏನಂತಾರ್ರೀ ಇವರು?" ಮುನ್ಸೀಫರು ಗುಮಾಸ್ತರನ್ನು ಕೇಳಿದರು.

ಗುಮಾಸ್ತರು ಅನುಮಾನಿಸಿದರು. ಧನಿಗಳು ಬಿಡಲಿಲ್ಲ. ವಕೀಲರ ಕೈ ಕೊಡವಿ, ಎಲ್ಲರಿಗೂ ಅರ್ಥವಾಗಲೆಂದು ಶುದ್ಧ ಕನ್ನಡದಲ್ಲೇ ಹೇಳಿದರು:

"ನನ್ನ ಜಾಗ ಇಲ್ಲಿ, ನೀರಿನ ಅಂಚಿನವರೆಗೆ! ಇಲ್ಲಿ ಹಾರೆ ಹಾಕಲು ಇವರು ಯಾರು? ಅದರಾಚೆ ಅವರ ಆ ಹಾಳು ಕುದ್ರುವಿನಲ್ಲಿ ಬೇಕಾದರೆ ಅರಮನೆ ಕಟ್ಟಿಕೊಳ್ಳಲಿ. ನನಗೇನು?"

ಕೆಮ್ಮು ನಿಂತಿತು. ಮುನ್ಸೀಫರು ಪೆನ್ನಿನ ಮುಚ್ಚಳ ತೆಗೆದು, "ಇನ್ನೊಮ್ಮೆ ಸಾವಕಾಶ ಹೇಳ್ರೀ," ಎಂದರು. ಧನಿಗಳು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದರು.

ಒಂಬತ್ತು ಮನೆಗಳೂ ಉಳಿದವು. ಆ ದಿನ ನದಿಯ ದಡದಲ್ಲಿ ಮುನ್ಸೀಫರ ಮುಂದೆ ನಾನು ಬಾಯಿ ಬಿಟ್ಟದ್ದೇ ಇಲ್ಲ. ಆದರೆ ಗುರಿಕಾರರು ಪುಂಜಾಲಕಟ್ಟೆಯವರೆಗೆ ಹೇಳಿಕೊಂಡು ಬಂದರು: "ನಮ್ಮ ವಕೀಲರು ಭಾರೀ ಹುಷಾರಿ ಮಾರಾಯ. ವಾದವನ್ನು ಧನಿಗಳ ಕೈಯಲ್ಲೇ ಮಾಡಿಸಿದರು!"

ನಾನು ಅದನ್ನು ಈವರೆಗೂ ಅಲ್ಲಗಳೆದಿಲ್ಲ.