ಎಮ್ಮೆಗುಡ್ಡದ ಬ್ಯಾಕ್ಟೀರಿಯಾಕ್ಕೆ ಮೇವು

ಭೂಮಿಯ ಮೇಲಿನ ಪ್ರತಿಯೊಂದು ಜೀವಿಗೂ ಒಂದು ಹೆಸರು, ಒಂದು ಕುಲ ಮತ್ತು ಒಂದು ಫೈಲು ಇರತಕ್ಕದ್ದು. ಹೊಸಪೇಟೆಯಲ್ಲಿದ್ದ ನಮ್ಮ ಸ್ನಾತಕೋತ್ತರ ಕೇಂದ್ರದಲ್ಲಿ ಮೊದಲೆರಡನ್ನು ಸೂಕ್ಷ್ಮಜೀವಿ ವಿಭಾಗದ ಡಾ. ಉಚ್ಚೆಂಗೆಪ್ಪನವರು ನೋಡಿಕೊಳ್ಳುತ್ತಿದ್ದರು. ಮೂರನೆಯದನ್ನು ಕಚೇರಿ ಅಧೀಕ್ಷಕನಾದ ಸುಂಕಪ್ಪನೆಂಬ ನಾನು ನೋಡಿಕೊಳ್ಳುತ್ತಿದ್ದೆ. ಮೂರರಲ್ಲಿ ಯಾವುದು ಮುಖ್ಯವೆಂದು ನಮ್ಮಿಬ್ಬರಲ್ಲಿ ಯಾವತ್ತೂ ಜಗಳವಾಗಿಲ್ಲ. ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಡಾಕ್ಟರ ಕೆಲಸ ಬ್ಯಾಕ್ಟೀರಿಯಾಗಳನ್ನು ವಿಂಗಡಿಸುವುದು. ದುಂಡಗಿರುವವು ಇತ್ತ, ಕಡ್ಡಿಯಂತಿರುವವು ಅತ್ತ. ಬಣ್ಣ ಹಿಡಿಯುವವು ಒಂದು ಕಡೆ, ಹಿಡಿಯದವು ಇನ್ನೊಂದು ಕಡೆ. ಊರವರು ಅವರನ್ನು ‘ಹುಳದ ಡಾಕ್ಟ್ರು’ ಎನ್ನುತ್ತಿದ್ದರು. ಪಾಪಿನಾಯಕನಹಳ್ಳಿಯಿಂದ ತಾಯಂದಿರು ಹೊಟ್ಟೆನೋವಿನ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಡಾಕ್ಟರು ಹುಳದ ಕುಲ, ಪಂಗಡ, ಅದರ ಹತ್ತಿರದ ಸಂಬಂಧಿಕರ ವಿವರವನ್ನೆಲ್ಲ ತಾಳ್ಮೆಯಿಂದ ತಿಳಿಸಿ, ಔಷಧಕ್ಕೆ ಮಾತ್ರ ಸರ್ಕಾರಿ ದವಾಖಾನೆಗೆ ಹೋಗಿ ಎನ್ನುತ್ತಿದ್ದರು. ‘ಅದರ ಕುಲ ತಗೊಂಡು ನಾ ಏನ್ ಮಾಡ್ಲಿ ಸಾರ್, ಅದಕ್ಕೇನು ಹೆಣ್ಣು ಕೊಡಬೇಕೇನ್ರಿ?’ ಎಂದು ತಾಯಿಯೊಬ್ಬಳು ಕೇಳಿದ್ದನ್ನು ನಾನೇ ಕೇಳಿದ್ದೇನೆ.

ಅದು ಅದಿರಿನ ಕಾಲ. ಸಜ್ಜೆ ಬಿತ್ತುತ್ತಿದ್ದವರು ಹೊಲವನ್ನೇ ಲಾರಿಗೆ ತುಂಬಿ ಕಳಿಸುತ್ತಿದ್ದರು. ಊರಿನ ಎಮ್ಮೆ, ಎತ್ತು, ಎಲೆ, ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಬಿಳಿ ಅಂಗಿ ತೊಡುವ ಆಸೆಯನ್ನು ನಾನು ಆ ವರ್ಷಗಳಲ್ಲಿ ಕೈಬಿಟ್ಟವನು ಇವತ್ತಿಗೂ ಮರಳಿ ಹಿಡಿದಿಲ್ಲ. ಕೆಂಪು ಧೂಳು ಹೊಗದ ಜಾಗವೆಂದರೆ ಡಾಕ್ಟರ ಮನೆಯ ಫ್ರಿಜ್ಜು. ಕೇಂದ್ರದಲ್ಲಿ ಕರೆಂಟು ಇರುತ್ತಿದ್ದುದಕ್ಕಿಂತ ಹೋಗುತ್ತಿದ್ದುದೇ ಹೆಚ್ಚಾದ್ದರಿಂದ ಅವರ ಜೀವಿಗಳೆಲ್ಲ ಅಲ್ಲಿಯೇ, ದೋಸೆ ಹಿಟ್ಟಿನ ಪಕ್ಕದಲ್ಲಿ ವಾಸವಾಗಿದ್ದವು. ಹೆಂಡತಿ ಹೊಳೆಮ್ಮನವರು ಎರಡನ್ನೂ ಸಮನಾಗಿ ನೋಡಿಕೊಂಡರು.

ಒಂದು ದಿನ ಡಾಕ್ಟರು ನನ್ನ ಟೇಬಲ್ಲಿನ ಮೇಲೆ ಕೆಂಪು ನೀರಿನ ಒಂದು ಸೀಸೆ ಇಟ್ಟರು.

‘ಸುಂಕಪ್ಪನೋರೆ, ಇದು ಹೊಸದೈತ್ರಿ. ಜಗತ್ತಿನ ಪಟ್ಟಿಯಾಗ ಇಲ್ಲ. ಸಂಡೂರಿನ ಎಮ್ಮೆಗುಡ್ಡದ ಬುಡಕ್ಕ ಒಂದು ಒರತಿ ಐತಲ್ಲ, ಅಲ್ಲಿ ಸಿಕ್ತು.’

‘ಏನ್ ತಿಂತದ್ರಿ ಇದು?’

‘ಕಬ್ಬಿಣ.’

‘ಈ ಜಿಲ್ಲಾದಾಗ ಎಲ್ರೂ ಅದನ್ನ ತಿಂದು ಬದುಕ್ಯಾರ. ಇದರಾಗ ಹೊಸದೇನು ಬಂತ್ರಿ?’

ಡಾಕ್ಟರು ನಗಲಿಲ್ಲ. ವಿಜ್ಞಾನಿಗಳಿಗೆ ಆ ಸೌಲಭ್ಯವಿಲ್ಲ. ‘ಇದಕ್ಕ ಹೆಸರು ಇಡಬೇಕು ಸುಂಕಪ್ಪನೋರೆ. ಜೀವಮಾನಪೂರ್ತಿ ಬ್ಯಾರೆಯವರು ಇಟ್ಟ ಹೆಸರನ್ನ ಓದಿ ಹೇಳಿದೆ. ಒಂದಕ್ಕರ ನಾನು ಇಟ್ಟು ರಿಟೈರ್ ಆಗ್ತೀನಿ. ಮತ್ತೇನೂ ಬ್ಯಾಡ ನನಗ,’ ಎಂದರು. ಹೆಸರನ್ನೂ ಆಗಲೇ ಆರಿಸಿದ್ದರು: ಫೆರಿಬ್ಯಾಕ್ಟರ್ ಎಮ್ಮೆಗುಡ್ಡೆನ್ಸಿಸ್. ‘ನನ್ನ ಹೆಸರು ಇಟ್ಟಿದ್ರ ಏನಾಗ್ತಿತ್ತು, ಸೀಸೆ ತೊಳೆದು ತೊಳೆದು ನನ್ನ ಕೈ ಸವದ್ವು,’ ಎಂದು ಹೊಳೆಮ್ಮನವರು ಕೇಳಿದ್ದಕ್ಕೆ, ಸಿಕ್ಕ ಜಾಗದ ಹೆಸರಿಡುವುದು ವಾಡಿಕೆಯೆಂದು ತಿಳಿಸಲಾಯಿತು. ಆ ವಾರ ಡಾಕ್ಟರಿಗೆ ಡಬ್ಬಿಯಲ್ಲಿ ಬರೀ ರೊಟ್ಟಿ ಬಂತು, ಪಲ್ಯ ಬರಲಿಲ್ಲ.

ಆದರೆ ಹೆಸರು ಜಗತ್ತಿನ ಪಟ್ಟಿಗೆ ಸೇರಬೇಕಾದರೆ ಆ ಜೀವಿಯ ಜೀವಂತ ಮಾದರಿ ದೇಶದ ಹೊರಗೂ ಒಂದು ಸಂಗ್ರಹಾಲಯದಲ್ಲಿ ಇರಬೇಕು. ನಮ್ಮ ದೇಶದ ಸಂಗ್ರಹಾಲಯದವರು ‘ಮೊದಲು ಹೊರದೇಶದ ರಸೀದಿ ತನ್ನಿ’ ಎಂದು ಕೂತಿದ್ದರು. ಚೀನಾದ ಒಂದು ಸಂಗ್ರಹಾಲಯ ಒಪ್ಪಿತು. ನಮ್ಮ ಗುಡ್ಡಗಳು ಹೇಗೂ ದಿನಾ ಆ ಕಡೆಗೇ ಹೋಗುತ್ತಿದ್ದವು. ಬೆರಳುದ್ದದ ಒಂದು ಸೀಸೆ ಹೋಗುವುದಕ್ಕೆ ಏನು ಕಷ್ಟ ಎಂದು ಡಾಕ್ಟರು ತಿಳಿದರು. ಪಾಪ, ಓದಿದವರು.

ಸೀಸೆಗೆ ಅನುಮತಿ ಕೊಡುವವರು ಯಾರು? ಅರಣ್ಯದವರು ‘ಇದು ಕರಡಿಯಲ್ಲ’ ಎಂದು ಬರೆದು ಹಿಂದಿರುಗಿಸಿದರು. ಪಶುಪಾಲನೆಯವರು ‘ಹಾಲು ಕೊಡುವುದಿಲ್ಲ’ ಎಂದರು. ಗಣಿಯವರು ‘ಚಲಿಸುತ್ತದೆ, ಆದ್ದರಿಂದ ಖನಿಜವಲ್ಲ’ ಎಂದರು. ಇತ್ತ ಆ ಜೀವಿಯೋ ಭಾರೀ ಮೊಂಡು. ಒರತೆಯ ಹೊಸ ನೀರಿಲ್ಲದೆ ಬದುಕುತ್ತಿರಲಿಲ್ಲ. ಡಾಕ್ಟರು ಪ್ರತಿ ವಾರ ಸ್ಕೂಟರಿಗೆ ಕ್ಯಾನು ಕಟ್ಟಿಕೊಂಡು ಲಾರಿಗಳ ಸಾಲಿನ ನಡುವೆ ಎಮ್ಮೆಗುಡ್ಡಕ್ಕೆ ಹೋಗಿ, ಇಟ್ಟಿಗೆಯ ಬಣ್ಣದ ಮನುಷ್ಯನಾಗಿ ವಾಪಸ್ಸಾಗುತ್ತಿದ್ದರು. ನೋಡಲಾಗದೆ ನಾನೇ ಕೈಹಾಕಿದೆ.

ದರೋಜಿ ಕರಡಿಧಾಮದ ಕರಡಿಯೊಂದನ್ನು ಹಿಂದೆ ಯಾವುದೋ ಊರಿಗೆ ಸಾಗಿಸಿದಾಗಿನ ಅರ್ಜಿ ನಮೂನೆ ನನ್ನ ಭಾವಮೈದುನನ ಕಚೇರಿಯಲ್ಲಿತ್ತು. ಅದನ್ನೇ ತರಿಸಿ ತುಂಬಿದೆವು. ಜೀವಿಯ ಕಾಲುಗಳು: ಇಲ್ಲ. ಬಾಲ: ಒಂದು. ಕಚ್ಚುತ್ತದೆಯೇ: ಇದುವರೆಗೆ ದೂರು ಬಂದಿಲ್ಲ. ಗಂಡೋ ಹೆಣ್ಣೋ: ಅನ್ವಯಿಸುವುದಿಲ್ಲ. ಎಷ್ಟು ಕಾಲ ಬದುಕುತ್ತದೆ ಎಂಬಲ್ಲಿ ಡಾಕ್ಟರು ಪ್ರಾಮಾಣಿಕವಾಗಿ ‘ಇದು ಮುದಿಯಾಗಿ ಸಾಯುವುದಿಲ್ಲ, ಎರಡಾಗಿ ಒಡೆದು ಮುಂದುವರಿಯುತ್ತದೆ’ ಎಂದು ಬರೆದರು. ಆಹಾರದ ಖಾನೆಯಲ್ಲಿ ‘ನೀರಿನಲ್ಲಿ ಕರಗಿದ ಅತ್ಯಲ್ಪ ಕಬ್ಬಿಣ’ ಎಂದಿದ್ದರು. ಖಾನೆ ಚಿಕ್ಕದು. ನಾನು ‘ಅದಿರು’ ಎಂದು ಟೈಪ್ ಮಾಡಿದೆ. ಅಂದವಾಗಿ ಕೂತಿತು.

ಆಶ್ಚರ್ಯವೆಂದರೆ ಈ ಸಲ ಅರಣ್ಯದವರಿಂದಲೇ ಅನುಮತಿ ಜಲ್ದಿ ಬಂತು. ಕರಡಿಯ ಆದೇಶವನ್ನೇ ಹೆಸರು ಬದಲಿಸಿ ಕಳಿಸಿದ್ದರು: ‘ಸದರಿ ಜೀವಿಯನ್ನು ಹೊರದೇಶಕ್ಕೆ ಸಾಗಿಸಲು ಅನುಮತಿಸಿದೆ. ಜೀವಿಯ ಆಯುಷ್ಯಪೂರ್ತಿ ಸಾಕಾಗುವಷ್ಟು ಮೇವನ್ನು ಜೊತೆಗೆ ಒದಗಿಸತಕ್ಕದ್ದು. ಮೇವು ಪೂರ್ತಿಯಾಗಿ ತಲುಪಿದ ನಂತರವೇ ಜೀವಿಯನ್ನು ಕಳುಹಿಸತಕ್ಕದ್ದು. ಮೇವಿನ ವಾಹನಗಳನ್ನು ದಾರಿಯಲ್ಲಿ ತಡೆಯತಕ್ಕದ್ದಲ್ಲ, ಹಸಿವಿನಿಂದ ಜೀವಹಾನಿಯಾದಲ್ಲಿ ತಡೆದವರೇ ಹೊಣೆ.’

ಮರುದಿನವೇ ಹಂಪೇಶ್ ಸಾಹುಕಾರರು ಶಾಲು, ಮೈಸೂರು ಪೇಟ ಮತ್ತು ಹಣ್ಣಿನ ಬುಟ್ಟಿಯೊಂದಿಗೆ ಕೇಂದ್ರಕ್ಕೆ ಬಂದರು. ಇವರು ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು ನಡೆಸುತ್ತಿದ್ದವರು, ಈಗ ಎಮ್ಮೆಗುಡ್ಡ ಇವರದು. ಗಡಿ ಕಲ್ಲನ್ನು ಸಹ ಅದಿರೆಂದು ತಿಳಿದು ಕಳಿಸಿಬಿಟ್ಟ ಸಣ್ಣ ತಕರಾರಿನಿಂದ ಇವರ ಲಾರಿ ಪರ್ಮಿಟ್ಟುಗಳು ನಿಂತುಹೋಗಿದ್ದವು.

‘ಡಾಕ್ಟ್ರೇ, ನಿಮ್ಮ ಜೀವಕ್ಕ ಮೇವು ನಾ ಕೊಡ್ತೀನ್ರಿ,’ ಎಂದರು ಸಾಹುಕಾರರು, ಶಾಲು ಹೊದಿಸುತ್ತಾ. ‘ಪುಣ್ಯದ ಕೆಲಸ. ದನಕ್ಕ ಹುಲ್ಲು ಹಾಕಿದಂಗ.’

‘ಅದು ತಿನ್ನೋದು ಉಗುರಿನಷ್ಟೂ ಇಲ್ರಿ!’

‘ಈಗ ಉಗುರಿನಷ್ಟು. ಸಾಯಂಗಿಲ್ಲ, ಒಂದು ಎರಡಾಗ್ತದ, ಎರಡು ನಾಕಾಗ್ತದ ಅಂತ ನೀವ ಬರದೀರಿ. ನಾಳೆ ಅವರ ಮಕ್ಕಳು, ಮೊಮ್ಮಕ್ಕಳು ಪರದೇಶದಾಗ ಉಪವಾಸ ಬೀಳಬೇಕೇನ್ರಿ? ಯಾವ ತಂದೆಗಿ ಮನಸ್ಸು ಬರ್ತದ?’

ಡಾಕ್ಟರು ನನ್ನ ಮುಖ ನೋಡಿದರು. ಲೆಕ್ಕ ಸರಿಯಿತ್ತು. ನಾನು ಹಣ್ಣಿನ ಬುಟ್ಟಿ ನೋಡಿದೆ.

‘ಒರತಿ ಮಾತ್ರ ಮುಟ್ಟಬ್ಯಾಡ್ರಿ ಸಾಹುಕಾರ್ರೆ,’ ಎಂದರು ಡಾಕ್ಟರು, ಸಣ್ಣ ದನಿಯಲ್ಲಿ. ‘ಅದು ಹೋದ್ರ ಇದು ಸಾಯ್ತದ. ನಾ ಇಟ್ಟ ಹೆಸರು ಪಟ್ಟಿಗೆ ಸೇರೋದೂ ಅಲ್ಲಿಗೆ ಮುಗೀತು. ಕೈ ಮುಗೀತೀನಿ.’

‘ಛೇ ಛೇ! ಒರತಿಗಿ ಬೇಲಿ ಹಾಕಸ್ತೀನಿ. ನೀವು ಕುಂದ್ರಿ, ಮೊದಲು ಸೇಬು ತಿನ್ರಿ.’

ಹೀಗೆ ಮೇವಿನ ಸಾಗಣೆ ಆರಂಭವಾಯಿತು. ಲಾರಿಗಳ ಮುಂದೆ ‘ಜೀವಿ ಆಹಾರ – ದಾರಿ ಬಿಡಿ’ ಎಂಬ ಬೋರ್ಡು. ಬೆಳಿಗ್ಗೆ ಎಮ್ಮೆಗುಡ್ಡದಿಂದ ಹೊರಟ ಸಾಲು ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಚೆಕ್‌ಪೋಸ್ಟಿನವರು ಕೈ ಅಡ್ಡ ಹಾಕದೆ, ಕೆಲವರು ಭಕ್ತಿಯಿಂದ ಕೈ ಮುಗಿದು, ಬಿಡುತ್ತಿದ್ದರು. ನಿಯಮದಂತೆ ಪ್ರತಿ ಲಾರಿಗೂ ವಿಜ್ಞಾನಿಯ ‘ಮೇವು ತಿನ್ನಲು ಯೋಗ್ಯ’ ಎಂಬ ದೃಢೀಕರಣ ಬೇಕಿತ್ತು. ಡಾಕ್ಟರ ಸಹಿಯ ರಬ್ಬರ್ ಸ್ಟಾಂಪನ್ನು ಸಾಹುಕಾರರೇ ಮಾಡಿಸಿ, ಅದು ಸವೆದಾಗಲೆಲ್ಲ ಹೊಸದು ಮಾಡಿಸಿದರು.

ಸರ್ಕಲ್ಲಿನಲ್ಲಿ ‘ವಿಶ್ವವಿಖ್ಯಾತ ಜೀವರಕ್ಷಕ’ ಎಂದು ಡಾಕ್ಟರ ಫ್ಲೆಕ್ಸ್ ಎದ್ದಿತು. ಫ್ಲೆಕ್ಸಿನವನು ಬ್ಯಾಕ್ಟೀರಿಯಾದ ಫೋಟೊ ಸಿಗದೆ ಅಲಸಂದೆ ಕಾಳಿನ ಫೋಟೊ ಹಾಕಿದ್ದ. ಆಕಾರ ಬಹುಮಟ್ಟಿಗೆ ಸರಿಯಿದೆ ಎಂದು ಡಾಕ್ಟರು ಒಪ್ಪಿದರು. ಹಂಪಿ ಬಜಾರಿನ ಸಾಲುಮಂಟಪದ ಎದುರು ಅಂಗಡಿಯಿಟ್ಟವರು ಅಲಸಂದೆ ಕಾಳನ್ನು ದಾರಕ್ಕೆ ಪೋಣಿಸಿ ಟೂರಿಸ್ಟರಿಗೆ ಮಾರಿದರು. ಕೇಂದ್ರಕ್ಕೆ ಹೊಸ ಕಟ್ಟಡ ಬಂತು, ಕರೆಂಟು ಹೋಗದ ಜನರೇಟರ್ ಬಂತು. ಯಾರೂ ಯಾರಿಗೂ ತೊಂದರೆ ಕೊಡದೆ ವಿಜ್ಞಾನ ಬೆಳೆಯುತ್ತಿತ್ತು.

ಡಾಕ್ಟರು ಮಾತ್ರ ವಾರವಾರ ಬಂದು ಅದೇ ಪ್ರಶ್ನೆ ಕೇಳುತ್ತಿದ್ದರು. ‘ಸೀಸೆ ಯಾವಾಗ ಕಳಸೋದು ಸುಂಕಪ್ಪನೋರೆ?’

‘ಮೇವು ಪೂರ್ತಿ ಮುಟ್ಟಿದ ಮ್ಯಾಲೆ ಸಾರ್. ಆದೇಶ ಓದೀರಲ್ಲ.’

‘ಯಾವಾಗ ಪೂರ್ತಿ ಮುಟ್ಟತೈತಿ?’

‘ಗುಡ್ಡ ಇನ್ನೂ ಕಾಣ್ತೈತಿ ಸಾರ್.’

ನಡುವೆ ಚೀನಾದ ಉಕ್ಕಿನ ಕಾರ್ಖಾನೆಯೊಂದರಿಂದ ಮೆಚ್ಚುಗೆಯ ಪತ್ರವೂ ಬಂದಿತ್ತು. ಮೇವು ಉತ್ತಮ ದರ್ಜೆಯದಾಗಿದೆ, ಹೀಗೆಯೇ ಕಳುಹಿಸುತ್ತಿರಿ, ಪ್ರಾಣಿ ಬರದಿದ್ದರೂ ನಮ್ಮ ಅಭ್ಯಂತರವಿಲ್ಲ ಎಂದು ಬರೆದಿದ್ದರು.

ಒಂದು ಮಂಗಳವಾರ ಡಾಕ್ಟರು ಎಂದಿನಂತೆ ಕ್ಯಾನು ಕಟ್ಟಿಕೊಂಡು ಹೋದರು. ಸಾಹುಕಾರರ ಹತ್ತಿರ ಜನರೇಟರಿನ ಡೀಸೆಲ್ ಕೇಳುವುದಿದ್ದುದರಿಂದ ನಾನೂ ಹಿಂದೆ ಕೂತಿದ್ದೆ. ಗುಡ್ಡವಿದ್ದ ಕಡೆ ಆಕಾಶ ಇತ್ತು. ಆಟದ ಮೈದಾನದಂಥ ಬಯಲಿನಲ್ಲಿ ಕಾವಲುಗಾರ ಎರ್ರಿಯಪ್ಪ ಒಬ್ಬನೇ ಕುರ್ಚಿ ಹಾಕಿಕೊಂಡು ಬೀಡಿ ಸೇದುತ್ತಿದ್ದ.

‘ಒರತಿ ಎಲ್ಲೈತೋ ಎರ್ರಿಯಪ್ಪ?’ ಡಾಕ್ಟರು ಕ್ಯಾನು ಬಿಚ್ಚುತ್ತಾ ಕೇಳಿದರು.

‘ಒರತಿನಾ? ಅದು ನಿನ್ನೆ ಲೋಡ್ ಆತಲ್ರಿ ಸಾರ್. ಬೇಲಿ ಸಮೇತ.’

ಡಾಕ್ಟರು ಖಾಲಿ ಕ್ಯಾನನ್ನು ಮತ್ತೆ ಸ್ಕೂಟರಿಗೆ ಕಟ್ಟಿದರು. ನಾನು ಡೀಸೆಲ್ ವಿಷಯ ಎತ್ತಲಿಲ್ಲ. ಹೊಳೆಮ್ಮನವರು ನಲ್ಲಿ ನೀರು ಕಾಯಿಸಿ, ಆರಿಸಿ, ತುಕ್ಕು ಹಿಡಿದ ಮೊಳೆಗಳನ್ನು ಅದರಲ್ಲಿ ನೆನೆಹಾಕಿ ಸೀಸೆಗೆ ಹನಿಹನಿಯಾಗಿ ಹಾಕಿ ನೋಡಿದರು. ಆಗಲಿಲ್ಲ. ಕೆಲವೇ ದಿನಗಳಲ್ಲಿ ಸೀಸೆಯ ಕೆಂಪು ತಳಕ್ಕೆ ಕೂತು ನೀರು ತಿಳಿಯಾಯಿತು. ಸೂಕ್ಷ್ಮದರ್ಶಕದಲ್ಲಿ ಯಾವುದೂ ಅಲುಗಲಿಲ್ಲ. ‘ಮನಿಯಾಗಿನ ಕೂಸು ಹೋದಂಗ ಆತು ನೋಡ್ರಿ,’ ಎಂದು ಆಯಮ್ಮ ನನ್ನೆದುರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೂ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ.

ಡಾಕ್ಟರು ಮರಣದ ವರದಿ ಬರೆದುಕೊಟ್ಟರು. ನಾನು ಅದನ್ನು ಸ್ವೀಕರಿಸಲು ಬರುವುದಿಲ್ಲವೆಂದು ವಿನಯದಿಂದ ತಿಳಿಸಿದೆ. ಕರಡಿಯ ನಿಯಮದ ಪ್ರಕಾರ ಸತ್ತ ಪ್ರಾಣಿಯ ಪಂಚನಾಮೆಗೆ ಕಳೇಬರ ಬೇಕು, ಅದು ಬರಿಗಣ್ಣಿಗೆ ಕಾಣುವಂತಿರಬೇಕು. ಅದಲ್ಲದೆ ಸಾಹುಕಾರರಿಗೆ ಪಕ್ಕದ ಗುಡ್ಡವೂ ಮಂಜೂರಾಗಿತ್ತು, ಮೇವಿನ ಮೇಲೆ ನೂರಾರು ಲಾರಿಗಳು, ಡ್ರೈವರುಗಳು, ಕ್ಲೀನರುಗಳು, ಅವರಿಗೆ ಚಹಾ ಮಾಡುವವರು ಬದುಕಿದ್ದರು. ಒಂದು ಸಭೆ ಸೇರಿತು. ಡಾಕ್ಟರ ಅರ್ಜಿಯಿಂದಲೇ ಅವರ ಮಾತನ್ನು ಓದಿ ತೋರಿಸಲಾಯಿತು. ನಂತರ ಈ ಕೆಳಗಿನ ಸುತ್ತೋಲೆ ಹೊರಬಿತ್ತು:

‘ಸದರಿ ಜೀವಿಯು ಸಾಯುವುದಿಲ್ಲವೆಂದು ವಿಜ್ಞಾನಿಗಳೇ ಲಿಖಿತವಾಗಿ ತಿಳಿಸಿರುವುದರಿಂದ ಅದು ಜೀವಂತವಾಗಿದೆಯೆಂದು ಆದೇಶಿಸಿದೆ. ಎಮ್ಮೆಗುಡ್ಡ ಎಂಬ ಸ್ಥಳವು ಪ್ರಸ್ತುತ ಇಲ್ಲದಿರುವುದರಿಂದ ಇಲ್ಲದ ಸ್ಥಳದ ಹೆಸರಿನಲ್ಲಿ ಜೀವಿಯನ್ನು ಕರೆಯಲು ಅವಕಾಶವಿಲ್ಲ. ಮೇವು ಒದಗಿಸಿದ ದಾನಿಗಳ ಗೌರವಾರ್ಥ ಇನ್ನು ಮುಂದೆ ಅದನ್ನು ಫೆರಿಬ್ಯಾಕ್ಟರ್ ಹಂಪೇಶಿ ಎಂದು ಕರೆಯತಕ್ಕದ್ದು. ಪ್ರತಿ ವರ್ಷ ಸಂಬಂಧಪಟ್ಟ ವಿಜ್ಞಾನಿಗಳು ಜೀವಿತ ದೃಢಪತ್ರ ಸಲ್ಲಿಸತಕ್ಕದ್ದು.’

ಸುತ್ತೋಲೆಯ ಜೊತೆಗೇ ಡಾಕ್ಟರಿಗೆ ಪ್ರಾಧ್ಯಾಪಕ ಹುದ್ದೆಯ ಆದೇಶವೂ ಬಂತು. ಅವರು ಎರಡನ್ನೂ ಬಹಳ ಹೊತ್ತು ಓದಿದರು.

‘ಜಗತ್ತಿನ ಪಟ್ಟಿಯಾಗ ಇದು ಬರಂಗಿಲ್ಲ ಸುಂಕಪ್ಪನೋರೆ,’ ಎಂದರು.

‘ಜಗತ್ತಿನ್ದು ತಗೊಂಡು ಏನ್ ಮಾಡ್ತೀರಿ ಸಾರ್. ನಮ್ಮ ಜಿಲ್ಲಾದ ಪಟ್ಟಿಯಾಗ ಬಂತಲ್ಲ. ಇಲ್ಲಿ ದೃಢಪತ್ರಕ್ಕ ಸಹಿ ಮಾಡ್ರಿ.’

ಮಾಡಿದರು. ಅದಾದ ಮೇಲೆ ಫೆರಿಬ್ಯಾಕ್ಟರ್ ಹಂಪೇಶಿ ಸಿಲೆಬಸ್ಸಿಗೆ ಸೇರಿತು. ಹುಡುಗರು ಕಂಠಪಾಠ ಮಾಡಿದರು. ಹೊಳೆಮ್ಮನವರೂ ಅದನ್ನು ಆ ಹೆಸರಿನಿಂದಲೇ ಕರೆಯತೊಡಗಿದರು.

ಡಾಕ್ಟರ ಸೇವಾವಧಿಯ ಕೊನೆಯ ಪರೀಕ್ಷೆಯ ಮೌಲ್ಯಮಾಪನ ನನ್ನ ಕೋಣೆಯಲ್ಲೇ ನಡೆಯಿತು. ಪ್ರಶ್ನೆ ಸುಲಭದ್ದಿತ್ತು: ಫೆರಿಬ್ಯಾಕ್ಟರ್ ಹಂಪೇಶಿ ಎಲ್ಲಿ ವಾಸಿಸುತ್ತದೆ? ಸಿಲೆಬಸ್ಸಿನ ಪ್ರಕಾರ ಸರಿಯುತ್ತರ ‘ಎಲ್ಲೆಡೆ’. ಎಲ್ಲರೂ ಹಾಗೆಯೇ ಬರೆದಿದ್ದರು. ಒಂದೇ ಒಂದು ಪತ್ರಿಕೆಯಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಎಮ್ಮೆಗುಡ್ಡದ ಒರತೆಯಲ್ಲಿ ಇತ್ತು. ಬೇರೆಲ್ಲೂ ಇರಲಿಲ್ಲ. ಈಗ ಇಲ್ಲ.’

ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದರು. ‘ಎಷ್ಟು ಚಂದ ಬರದೈತಿ ನೋಡ್ರಿ,’ ಎಂದು ಪತ್ರಿಕೆಯನ್ನು ನನ್ನ ಕಡೆ ತಿರುಗಿಸಿದರು. ನಾನು ನೋಡಿ ತಲೆಯಾಡಿಸಿದೆ. ಆಮೇಲೆ ಅವರು ಕೆಂಪು ಪೆನ್ನು ತೆಗೆದುಕೊಂಡು ಅದಕ್ಕೆ ನಿಯಮದಂತೆ ಸೊನ್ನೆ ಹಾಕಿ, ಮುಂದಿನ ಪತ್ರಿಕೆ ಕೊಡಿರೆಂದು ಕೈಚಾಚಿದರು.